ಪಹಣಿ ಕಾಯುವ ಡಿಸ್ಕ್‌ಗಳು

ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಹೋಬಳಿಯ ರೈತನೊಬ್ಬ ಬೆಳೆಸಾಲಕ್ಕೆ ಅರ್ಜಿ ಹಾಕಬೇಕಾದರೂ, ಅಡಿಕೆ ತೋಟವನ್ನು ಮಕ್ಕಳಿಗೆ ಭಾಗ ಮಾಡಿಕೊಡಬೇಕಾದರೂ ಮೊದಲು ಬೇಕಾಗುವುದು ಪಹಣಿ. ಒಂದು ಕಾಲದಲ್ಲಿ ಅದು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು. ಇಂದು ಅದರ ನೆಲೆ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದ ಶೇಖರಣಾ ಯಂತ್ರಗಳು. ಪುಸ್ತಕಕ್ಕೆ ಗೆದ್ದಲು ಹಿಡಿಯುತ್ತದೆಂಬುದು ಎಲ್ಲರಿಗೂ ಗೊತ್ತು. ಡಿಸ್ಕ್‌ಗೂ ಆಯುಸ್ಸಿದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಡಿಸ್ಕ್ ಸತ್ತ ದಿನ ಪಹಣಿಯ ಗತಿಯೇನು ಎಂಬ ಪ್ರಶ್ನೆ ಕೇವಲ ಎಂಜಿನಿಯರುಗಳಿಗೆ ಬಿಟ್ಟುಬಿಡುವಂಥದ್ದಲ್ಲ.

ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದ ಸಾಹಸ. 2002ರ ಹೊತ್ತಿಗೆ ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿ, ತಾಲ್ಲೂಕು ಕಚೇರಿಯ ಕಿಯಾಸ್ಕ್‌ನಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ಸಿಗತೊಡಗಿತು. ಆಗ ಆಯಾ ತಾಲ್ಲೂಕಿನ ದತ್ತಾಂಶ ಆಯಾ ತಾಲ್ಲೂಕು ಕಚೇರಿಯ ಸರ್ವರ್‌ನಲ್ಲಿತ್ತು. ಬಳಿಕ ಅದು ಕೇಂದ್ರೀಕೃತಗೊಂಡಿತು. ತಾಲ್ಲೂಕು ಕಚೇರಿಗಳ ಅಭಿಲೇಖಾಲಯದ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಕಾರ್ಯವೂ 2024ರಲ್ಲಿ ಆರಂಭವಾಯಿತು. ಕೇಂದ್ರೀಕರಣದಿಂದ ಅನುಕೂಲ ಹೆಚ್ಚಿದೆ. ಆದರೆ ನೂರಾರು ಕಡೆ ಹಂಚಿಹೋಗಿದ್ದ ಅಪಾಯ ಒಂದೆಡೆ ಸೇರಿದೆ ಎಂಬುದನ್ನೂ ಮರೆಯುವಂತಿಲ್ಲ.

ಈ ವ್ಯವಸ್ಥೆಯನ್ನು ಅರಿಯಲು ಅದೇ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ನೆನೆದರೆ ಸಾಕು. ಕೆರೆಯಲ್ಲಿ ನೀರಿದೆ, ಅದನ್ನು ಒಯ್ಯಲು ಕಾಲುವೆಯಿದೆ, ಯಾವ ಗದ್ದೆಗೆ ಎಷ್ಟು ಬಿಡಬೇಕೆಂದು ನಿರ್ಧರಿಸುವ ನೀರಗಂಟಿಯಿದ್ದಾನೆ. ಗಣಕಲೋಕದಲ್ಲಿ ಡಿಸ್ಕ್ ಎಂಬುದು ಕೆರೆ. ಇಂಟರ್‌ಫೇಸ್ ಎಂಬ ಸಂಪರ್ಕ ಮಾರ್ಗವೇ ಕಾಲುವೆ. ಕಂಟ್ರೋಲರ್ ಎಂಬ ನಿಯಂತ್ರಕವೇ ನೀರಗಂಟಿ. ಯಾವ ಮಾಹಿತಿ ಯಾವ ಡಿಸ್ಕ್‌ನ ಯಾವ ಮೂಲೆಗೆ ಹೋಗಬೇಕು, ಯಾವುದನ್ನು ಮೊದಲು ಓದಬೇಕು ಎಂಬ ತೀರ್ಮಾನ ಅದರದು.

ಕಾಲುವೆಗಳ ಸ್ವರೂಪ ಕಾಲಕಾಲಕ್ಕೆ ಬದಲಾಗಿದೆ. ಹಳೆಯ ಗಣಕಯಂತ್ರ ಬಿಚ್ಚಿದವರಿಗೆ ಅಗಲವಾದ ರಿಬ್ಬನ್ ಕೇಬಲ್ ನೆನಪಿರಬಹುದು. ಸಾಲುಸಾಲು ತಂತಿಗಳಲ್ಲಿ ಏಕಕಾಲಕ್ಕೆ ಮಾಹಿತಿ ಸಾಗಿಸುತ್ತಿದ್ದ ಆ ಪದ್ಧತಿ ಸೆಕೆಂಡಿಗೆ 133 ಮೆಗಾಬೈಟ್‌ಗೆ ತನ್ನ ಮಿತಿ ಮುಟ್ಟಿತು. 2003ರಲ್ಲಿ ಬಂದ ಸಾಟಾ, ತೆಳುವಾದ ತಂತಿಯಲ್ಲಿ ಒಂದರ ಹಿಂದೊಂದರಂತೆ ಮಾಹಿತಿ ಕಳಿಸಿಯೂ 150 ಮೆಗಾಬೈಟ್ ವೇಗದಿಂದ ಆರಂಭಿಸಿ, ಮೂರನೆಯ ಪೀಳಿಗೆಯಲ್ಲಿ 600ಕ್ಕೆ ಏರಿತು. ದೊಡ್ಡ ಸರ್ವರ್‌ಗಳಿಗಾಗಿ ಬಂದ ಸ್ಯಾಸ್ ಮಾದರಿಯ ಡಿಸ್ಕ್‌ಗೆ ಎರಡು ದ್ವಾರಗಳಿವೆ. ಒಂದು ನಿಯಂತ್ರಕ ಕೆಟ್ಟರೆ ಇನ್ನೊಂದು ದ್ವಾರದ ಮೂಲಕ ಮತ್ತೊಂದು ನಿಯಂತ್ರಕ ಅದೇ ಡಿಸ್ಕನ್ನು ತಲುಪಬಹುದು. 2011ರಲ್ಲಿ ರೂಪುಗೊಂಡ ಎನ್‌ವಿಎಂಇ, ತಿರುಗುವ ತಟ್ಟೆಗಳೇ ಇಲ್ಲದ ಫ್ಲಾಶ್ ಡಿಸ್ಕ್‌ಗಳಿಗಾಗಿ ಹುಟ್ಟಿದ್ದು. ಸಾಟಾದಲ್ಲಿ 32 ಆದೇಶಗಳ ಒಂದೇ ಸರದಿ ಸಾಲಿದ್ದರೆ, ಇದರಲ್ಲಿ 60 ಸಾವಿರಕ್ಕೂ ಹೆಚ್ಚು ಸಾಲುಗಳಿಗೆ ಅವಕಾಶವಿದೆ.

ವೇಗದ ಮಾತು ಹಾಗಿರಲಿ, ಉಳಿವಿನ ಮಾತೇನು? ಇದಕ್ಕೆ ದಾರಿ ತೋರಿದ್ದು 1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ್‍ಯಾಂಡಿ ಕಾಟ್ಜ್ ಮಂಡಿಸಿದ ‘ರೇಡ್’ ಎಂಬ ಪ್ರಬಂಧ. ದುಬಾರಿಯಾದ ಒಂದು ದೊಡ್ಡ ಡಿಸ್ಕ್‌ಗೆ ಬದಲು ಅಗ್ಗದ ಹಲವು ಡಿಸ್ಕ್‌ಗಳನ್ನು ಕೂಡಿಸಿ, ಒಂದು ಸತ್ತರೂ ಮಾಹಿತಿ ಉಳಿಯುವಂತೆ ಹೆಣೆಯಬಹುದೆಂಬುದು ಅದರ ವಾದ. ಅತ್ಯಂತ ಸರಳವಾದ ಉಪಾಯ, ಒಂದೇ ಮಾಹಿತಿಯನ್ನು ಎರಡು ಡಿಸ್ಕ್‌ಗಳಲ್ಲಿ ಬರೆಯುವುದು. ಇದರಲ್ಲಿ ಅರ್ಧ ಜಾಗ ವ್ಯಯವಾಗುತ್ತದೆ. ಇನ್ನೊಂದು ಉಪಾಯ ಜಾಣತನದ್ದು. ಒಂದು ಪುಟದಲ್ಲಿ 12 ಗುಂಟೆ, ಇನ್ನೊಂದರಲ್ಲಿ 15 ಗುಂಟೆ, ಮೂರನೆಯ ಪುಟದಲ್ಲಿ ಎರಡರ ಮೊತ್ತ 27 ಗುಂಟೆ ಎಂದು ಬರೆದಿದೆ ಎನ್ನೋಣ. ಮೂರರಲ್ಲಿ ಯಾವ ಪುಟ ಹರಿದುಹೋದರೂ ಉಳಿದೆರಡರಿಂದ ಅದನ್ನು ಲೆಕ್ಕ ಹಾಕಿ ಹೇಳಬಹುದಲ್ಲವೇ? ಯಂತ್ರ ಬಳಸುವುದು ಕೂಡುವ ಲೆಕ್ಕವನ್ನಲ್ಲ, ಸೊನ್ನೆ-ಒಂದುಗಳ ಸಮ-ಬೆಸ ಲೆಕ್ಕವನ್ನು. ತತ್ತ್ವ ಮಾತ್ರ ಇದೇ. ರೇಡ್-5 ಇಂಥ ಒಂದು ಲೆಕ್ಕವನ್ನಿಟ್ಟುಕೊಂಡು ಒಂದು ಡಿಸ್ಕ್‌ನ ಸಾವನ್ನು ತಾಳಿಕೊಳ್ಳುತ್ತದೆ. ರೇಡ್-6 ಎರಡು ಲೆಕ್ಕಗಳನ್ನಿಟ್ಟುಕೊಂಡು ಎರಡು ಸಾವುಗಳನ್ನು ತಾಳಿಕೊಳ್ಳುತ್ತದೆ.

ಇಲ್ಲಿಗೆ ನೆಮ್ಮದಿಯಿಂದ ಇರಬಹುದೇ? ಇಲ್ಲ. ಸತ್ತ ಡಿಸ್ಕ್‌ನ ಜಾಗದಲ್ಲಿ ಹೊಸದನ್ನಿಟ್ಟಾಗ ಕಳೆದುಹೋದುದನ್ನೆಲ್ಲ ಲೆಕ್ಕ ಹಾಕಿ ಮತ್ತೆ ಬರೆಯಬೇಕು. ಸೆಕೆಂಡಿಗೆ 200 ಮೆಗಾಬೈಟ್ ವೇಗದಲ್ಲಿ ಬರೆದರೂ 16 ಟೆರಾಬೈಟ್‌ನ ಒಂದು ಡಿಸ್ಕ್ ತುಂಬಲು 22 ಗಂಟೆ ಬೇಕು. ಸಾರ್ವಜನಿಕರ ಕೆಲಸವೂ ನಡೆಯುತ್ತಿದ್ದರೆ ಇನ್ನೂ ಹೆಚ್ಚು. ಅದೇ ದಿನ, ಅದೇ ಕಾರ್ಖಾನೆಯಿಂದ ಬಂದ, ಅಷ್ಟೇ ವರ್ಷ ದುಡಿದ ಮತ್ತೊಂದು ಡಿಸ್ಕ್ ಆ ಹೊತ್ತಿನಲ್ಲೇ ಕೈಕೊಟ್ಟರೆ ರೇಡ್-5ರ ಲೆಕ್ಕ ತಪ್ಪುತ್ತದೆ. ನೀರಗಂಟಿಯೂ ಅಮರನಲ್ಲ. ವೇಗಕ್ಕಾಗಿ ನಿಯಂತ್ರಕ, ಬರೆಯಬೇಕಾದುದನ್ನು ಕ್ಷಣಕಾಲ ತನ್ನ ಸ್ಮೃತಿಯಲ್ಲಿ ಇಟ್ಟುಕೊಂಡಿರುತ್ತದೆ. ಅದಕ್ಕೆ ಬ್ಯಾಟರಿಯ ಆಸರೆ ಇಲ್ಲದಿದ್ದಾಗ ವಿದ್ಯುತ್ ಹೋದರೆ ಆ ಬರಹ ಡಿಸ್ಕ್ ತಲುಪುವುದೇ ಇಲ್ಲ. ಇದು ಬರಿಯ ಊಹೆಯ ಭಯವೂ ಅಲ್ಲ. 2010ರ ಆಗಸ್ಟ್‌ನಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ದತ್ತಾಂಶ ಕೇಂದ್ರದಲ್ಲಿ ಒಂದು ಶೇಖರಣಾ ವ್ಯವಸ್ಥೆ ಕೆಟ್ಟು 26 ಸರ್ಕಾರಿ ಸಂಸ್ಥೆಗಳ ಕೆಲಸಕ್ಕೆ ಪೆಟ್ಟು ಬಿತ್ತು. ಚಾಲನಾ ಪರವಾನಗಿ ನೀಡುವುದೂ ದಿನಗಟ್ಟಲೆ ನಿಂತುಹೋಯಿತು.

ಎಲ್ಲಕ್ಕಿಂತ ದೊಡ್ಡ ಭ್ರಮೆಯೆಂದರೆ ರೇಡ್ ಇದ್ದ ಮೇಲೆ ಬ್ಯಾಕಪ್ ಬೇಡ ಎಂಬುದು. ಡಿಸ್ಕ್ ಸಮೂಹ ಯಂತ್ರದ ಸಾವಿನಿಂದ ಕಾಯುತ್ತದೆ, ಮನುಷ್ಯನ ತಪ್ಪಿನಿಂದಲ್ಲ. ಸಿಬ್ಬಂದಿಯೊಬ್ಬರು ಒಂದು ಸರ್ವೆ ನಂಬರಿನ ವಿವರವನ್ನು ತಪ್ಪಾಗಿ ಅಳಿಸಿದರೆ, ವಿಧೇಯ ನೀರಗಂಟಿ ಅದನ್ನು ಎಲ್ಲ ಡಿಸ್ಕ್‌ಗಳಿಂದಲೂ ಆ ಕ್ಷಣವೇ ಅಳಿಸುತ್ತಾನೆ. ವೈರಸ್ ಕೆಡಿಸಿದುದನ್ನೂ ಅಷ್ಟೇ ಶ್ರದ್ಧೆಯಿಂದ ಎರಡೆರಡು ಕಡೆ ಬರೆದಿಡುತ್ತಾನೆ. ಬೆಂಕಿಗಂತೂ ಡಿಸ್ಕ್‌ಗಳ ನಡುವೆ ಭೇದವೇ ಇಲ್ಲ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ದೇಜೊನ್ ನಗರದ ರಾಷ್ಟ್ರೀಯ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಗಳಿಗೆ ಬೆಂಕಿ ತಗುಲಿ ನೂರಾರು ಸರ್ಕಾರಿ ಸೇವೆಗಳು ಸ್ಥಗಿತಗೊಂಡವು. ಅಧಿಕಾರಿಗಳು ಕಡತಗಳನ್ನು ಇಡುತ್ತಿದ್ದ ‘ಜಿ-ಡ್ರೈವ್’ ಎಂಬ ವ್ಯವಸ್ಥೆಯ 858 ಟೆರಾಬೈಟ್ ಮಾಹಿತಿ ಸುಟ್ಟುಹೋಯಿತು. ಗಾತ್ರ ಬಹಳ ದೊಡ್ಡದೆಂಬ ಕಾರಣಕ್ಕೆ ಅದರ ಪ್ರತಿಯನ್ನು ಬೇರೆಡೆ ಇಟ್ಟಿರಲಿಲ್ಲ. ತಂತ್ರಜ್ಞಾನದಲ್ಲಿ ಜಗತ್ತಿನ ಮುಂಚೂಣಿಯಲ್ಲಿರುವ ದೇಶದ ಕಥೆಯಿದು.

ಹಾಗಾದರೆ ನಾವು ಸರ್ಕಾರವನ್ನು ಕೇಳಬೇಕಾದುದೇನು? ಎಷ್ಟು ಡಿಸ್ಕ್ ಕೊಂಡಿರಿ, ಎಷ್ಟು ಕೋಟಿ ಖರ್ಚಾಯಿತು ಎಂಬುದಷ್ಟೇ ಅಲ್ಲ. ಪಹಣಿಯ ಇನ್ನೊಂದು ಪ್ರತಿ ಅದೇ ಕಟ್ಟಡದಲ್ಲಿದೆಯೇ, ಬೇರೊಂದು ಊರಿನಲ್ಲಿದೆಯೇ? ಜಾಲದ ಸಂಪರ್ಕವಿಲ್ಲದ, ಯಾರೂ ದೂರದಿಂದ ಅಳಿಸಲಾಗದ ಪ್ರತಿಯೊಂದು ಇದೆಯೇ? ಆ ಪ್ರತಿಯಿಂದ ಒಂದು ಹೋಬಳಿಯ ದಾಖಲೆಗಳನ್ನಾದರೂ ಮತ್ತೆ ಜೀವಂತಗೊಳಿಸಿ ನೋಡಿದ್ದು ಕೊನೆಯ ಬಾರಿ ಯಾವಾಗ? ಮೂರನೆಯ ಪ್ರಶ್ನೆಯೇ ಮುಖ್ಯ. ತೆರೆದು ನೋಡದ ಬ್ಯಾಕಪ್, ಬಿತ್ತಿ ನೋಡದ ಬೀಜದಂತೆ. ಅದು ಮೊಳೆಯುತ್ತದೋ ಇಲ್ಲವೋ ಅಗತ್ಯ ಬಿದ್ದ ದಿನವೇ ತಿಳಿಯಬಾರದು. ಇಂಥ ಪರೀಕ್ಷೆಯ ದಿನಾಂಕ ಮತ್ತು ಫಲಿತಾಂಶವನ್ನು ವರ್ಷಕ್ಕೊಮ್ಮೆ ಪ್ರಕಟಿಸುವುದರಿಂದ ಭದ್ರತೆಗೆ ಧಕ್ಕೆಯಿಲ್ಲ. ಜನರ ವಿಶ್ವಾಸ ಹೆಚ್ಚುತ್ತದೆ.

ಹಳ್ಳಿಯ ಶಾಲೆ, ಹಾಲು ಉತ್ಪಾದಕರ ಸಂಘ, ಛಾಯಾಚಿತ್ರಗಾರರ ಅಂಗಡಿಗಳಿಗೂ ಈ ವಿವೇಕ ಅನ್ವಯಿಸುತ್ತದೆ. ದುಬಾರಿ ನಿಯಂತ್ರಕ ಎಲ್ಲರಿಗೂ ಎಟುಕದು. ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಬೇರೆ ಊರಿನಲ್ಲಿ ಎಂಬ ನಿಯಮ ಎಲ್ಲರ ಅಳವಿನಲ್ಲಿದೆ.

ಕೈಬರಹದ ಪುಸ್ತಕಕ್ಕೆ ಹತ್ತಿದ ಗೆದ್ದಲನ್ನು ರೈತ ಕಣ್ಣಾರೆ ಕಂಡು ದೂರು ಕೊಡಬಹುದಿತ್ತು. ಡಿಸ್ಕ್‌ನ ಗೆದ್ದಲು ಉಬ್ರಾಣಿಯವರಿಗೆ ಕಾಣುವುದಿಲ್ಲ. ಕಾಣದ್ದನ್ನು ಅವರ ಪರವಾಗಿ ನೋಡುವ, ನೋಡಿದ್ದನ್ನು ಲಿಖಿತವಾಗಿ ತಿಳಿಸುವ ಹೊಣೆ, ಆ ಪುಸ್ತಕವನ್ನು ಅವರ ಊರಿನಿಂದ ಒಯ್ದವರದು.