ಮೂರನೆಯ ದಿನ ಮನೆಗೆ

ಶಸ್ತ್ರಚಿಕಿತ್ಸೆಯಾದವರನ್ನು ನೋಡಿಬರಲು ಆಸ್ಪತ್ರೆಗೆ ಹೋಗುವುದು ನಮ್ಮ ಕಡೆಯ ಕುಟುಂಬಗಳಲ್ಲಿ ಒಂದು ಕರ್ತವ್ಯವೆಂದೇ ಎಣಿಸಲ್ಪಟ್ಟಿದೆ. ಕಾಸರಗೋಡು, ಕುಂಬಳೆ, ಬದಿಯಡ್ಕಗಳಿಂದ ಬೆಳಗಿನ ಬಸ್ಸು ಹಿಡಿದು, ತಲಪಾಡಿಯಲ್ಲಿ ಗಡಿ ದಾಟಿ, ಕೈಯಲ್ಲೊಂದು ಫ್ಲಾಸ್ಕು ಹಿಡಿದು ಮಂಗಳೂರಿನ ಆಸ್ಪತ್ರೆಗಳ ಮೆಟ್ಟಲು ಹತ್ತದ ಮನೆಯವರು ನಮ್ಮಲ್ಲಿ ವಿರಳ. ಆದರೆ ಎರಡು ವರ್ಷಗಳ ಹಿಂದೆ ನಮ್ಮ ಅಣ್ಣನ ಸೊಸೆಗೆ ತೂಕ ಇಳಿಸುವ ಶಸ್ತ್ರಚಿಕಿತ್ಸೆಯಾದಾಗ, ನೋಡಲು ಹೊರಟಿದ್ದ ಬಂಧುಗಳು ಉಪ್ಪಳದಲ್ಲಿಯೇ ಇಳಿದು ಹಿಂದಿರುಗಬೇಕಾಯಿತು. ಮೂರನೆಯ ದಿನ ಮಧ್ಯಾಹ್ನಕ್ಕೇ ಆಕೆಯನ್ನು ಮನೆಗೆ ಕಳುಹಿಸಿಬಿಟ್ಟಿದ್ದರು.

ನಮ್ಮ ದೊಡ್ಡಮ್ಮನಿಗೆ ಇದು ಕೊಂಚವೂ ಹಿಡಿಸಲಿಲ್ಲ. "ಹೊಟ್ಟೆಯ ಚೀಲದ ಮುಕ್ಕಾಲು ಪಾಲು ಕತ್ತರಿಸಿ ತೆಗೆದವರನ್ನು ಮೂರೇ ದಿನಕ್ಕೆ ಅಟ್ಟುವುದುಂಟೆ ಮಗಾ? ನನಗೆ ಅಪೆಂಡಿಕ್ಸು ತೆಗೆದಾಗ ಹತ್ತು ದಿನ ಮಲಗಿಸಿದ್ದರು" ಎಂದು ಜಗಲಿಯಲ್ಲಿ ಕುಳಿತು ಅವರು ಹೇಳಿದ ಮಾತಿಗೆ ನಾವು ಅಂದು ನಕ್ಕೆವು. ಆ ನಗೆಗೆ ಆರನೆಯ ದಿನ ನಾವೇ ನಾಚಬೇಕಾಯಿತು. ಆ ಪ್ರಸಂಗಕ್ಕೆ ಮುಂದೆ ಬರುತ್ತೇವೆ.

ಆಕೆ ಶಾಲಾ ಶಿಕ್ಷಕಿ. ಆಗ ವಯಸ್ಸು 34, ತೂಕ 108 ಕಿಲೋ, ಎತ್ತರ 158 ಸೆಂಟಿಮೀಟರ್. ಕಿಲೋಗ್ರಾಮಿನ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ದೊರೆಯುವ ಸೂಚ್ಯಂಕ, ಎಂದರೆ ವೈದ್ಯರು ಬಿ.ಎಂ.ಐ. ಎನ್ನುವುದು, ಆಕೆಗೆ 43 ಇದ್ದಿತು. ಸಕ್ಕರೆ ಕಾಯಿಲೆಯೂ ಮಂಡಿನೋವೂ ಜತೆಗಿದ್ದುವು. ಪಥ್ಯ, ನಡಿಗೆ, ಔಷಧ ಎಲ್ಲವನ್ನೂ ಮಾಡಿ ಸೋತ ಮೇಲೆಯೇ ಆಕೆ ಸ್ಲೀವ್ ಗ್ಯಾಸ್ಟ್ರೆಕ್ಟಮಿಗೆ ಒಪ್ಪಿದ್ದು. ಇದರಲ್ಲಿ ಜಠರದ ಸುಮಾರು 75ರಿಂದ 80 ಶೇಕಡಾ ಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯಷ್ಟು ಕಿರಿದಾದ ಕೊಳವೆಯಾಗಿ, ಲೋಹದ ಸೂಕ್ಷ್ಮ ಕೊಂಡಿಗಳ ಸಾಲಿನಿಂದ ಮುಚ್ಚುತ್ತಾರೆ. ಬೈಪಾಸ್ ಎಂಬ ಇನ್ನೊಂದು ವಿಧಾನದಲ್ಲಿ ಜಠರದ ಮೇಲ್ತುದಿಯಲ್ಲಿ ಸಣ್ಣ ಚೀಲವೊಂದನ್ನು ಬೇರ್ಪಡಿಸಿ, ಸಣ್ಣ ಕರುಳನ್ನು ನೇರವಾಗಿ ಅದಕ್ಕೆ ಜೋಡಿಸುತ್ತಾರೆ.

ಇಷ್ಟು ದೊಡ್ಡ ಕೆಲಸಕ್ಕೆ ಇಷ್ಟು ಕಡಮೆ ದಿನಗಳು ಹೇಗೆ ಸಾಕಾದುವು? ಅಮೆರಿಕದ ಅಯೋವಾದಲ್ಲಿ ಡಾ. ಎಡ್ವರ್ಡ್ ಮೇಸನ್ ಅವರು 1966ರಲ್ಲಿ ಸ್ಥೂಲಕಾಯರಿಗೆ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದಾಗ ಹೊಟ್ಟೆಯನ್ನು ಉದ್ದಕ್ಕೆ ಸೀಳಿಯೇ ಮಾಡಬೇಕಿತ್ತು. ಆ ಗಾಯ ಮಾಗಲು, ನೋವು ತಗ್ಗಲು ಒಂದು ವಾರವೋ ಅದಕ್ಕಿಂತ ಹೆಚ್ಚೋ ಹಾಸಿಗೆಯೇ ಗತಿ. 1990ರ ದಶಕದಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆದುವು. ಕ್ಯಾಲಿಫೋರ್ನಿಯಾದ ಡಾ. ವಿಟ್‌ಗ್ರೋವ್ ಮತ್ತು ಸಂಗಡಿಗರು ಅದೇ ಬೈಪಾಸನ್ನು ಸಣ್ಣ ರಂಧ್ರಗಳ ಮೂಲಕ, ಎಂದರೆ ಲ್ಯಾಪರೋಸ್ಕೋಪಿಯಿಂದ, ಮಾಡಿ 1994ರಲ್ಲಿ ಪ್ರಕಟಿಸಿದರು. ಇತ್ತ ಡೆನ್ಮಾರ್ಕಿನ ಡಾ. ಹೆನ್ರಿಕ್ ಕೆಹ್ಲೆಟ್ ಅವರು, ಶಸ್ತ್ರಚಿಕಿತ್ಸೆಯ ಬಳಿಕ ಉಪವಾಸ ಕೆಡವುವುದು, ದಿನಗಟ್ಟಲೆ ಮಲಗಿಸುವುದು ಮೊದಲಾದ ಹಳೆಯ ಪದ್ಧತಿಗಳೇ ಚೇತರಿಕೆಗೆ ಅಡ್ಡಿಯೆಂದು ತೋರಿಸಿದರು. ಮಲಗಿದಷ್ಟೂ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚು. ಆ ಹೆಪ್ಪು ಮೇಲೇರಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಸಂಚಕಾರ. ಭಾರದ ಮೈಯವರಿಗಂತೂ ಈ ಅಪಾಯ ಇಮ್ಮಡಿ. ಆದ್ದರಿಂದಲೇ ನಮ್ಮ ಹುಡುಗಿಯನ್ನು ಶಸ್ತ್ರಚಿಕಿತ್ಸೆಯಾದ ಸಂಜೆಯೇ ಎಬ್ಬಿಸಿ ವಾರ್ಡಿನ ಉದ್ದಕ್ಕೂ ನಡೆಸಿದರು.

ಈಗ ಸ್ಲೀವ್ ಆದವರು ಸಾಮಾನ್ಯವಾಗಿ ಒಂದೆರಡು ರಾತ್ರಿ, ಬೈಪಾಸ್ ಆದವರು ಎರಡು ಮೂರು ರಾತ್ರಿ ಆಸ್ಪತ್ರೆಯಲ್ಲಿರುತ್ತಾರೆ. ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಯೋ ಹೃದ್ರೋಗವೋ ಹತೋಟಿಗೆ ಬಾರದ ಸಕ್ಕರೆಯೋ ಇದ್ದರೆ ಇನ್ನೂ ಕೆಲವು ದಿನ. ವಾಸ್ತವವಾಗಿ ವೈದ್ಯರು ದಿನಗಳನ್ನು ಎಣಿಸುವುದೇ ಇಲ್ಲ. ವಾಂತಿಯಿಲ್ಲದೆ ದ್ರವಾಹಾರ ಒಳಗಿಳಿಯುತ್ತಿದೆಯೆ, ಚುಚ್ಚುಮದ್ದಿಲ್ಲದೆ ಬಾಯಿಯ ಮದ್ದಿಗೆ ನೋವು ತಗ್ಗುತ್ತಿದೆಯೆ, ಆಸರೆಯಿಲ್ಲದೆ ನಡೆಯುತ್ತಿದ್ದಾರೆಯೆ, ಮೂತ್ರ ಸಲೀಸಾಗಿ ಹೋಗುತ್ತಿದೆಯೆ, ನಾಡಿ ಮತ್ತು ಜ್ವರದ ಅಂಕಿಗಳು ನೆಟ್ಟಗಿವೆಯೆ ಎಂಬಿವನ್ನು ನೋಡುತ್ತಾರೆ. ಇವೆಲ್ಲ ಸರಿಯಿದ್ದರೆ ಮನೆಗೆ. ನಮ್ಮವಳಿಗೆ ಎಲ್ಲವೂ ಸರಿಯಿದ್ದುವು. ವೈದ್ಯರು ತಪ್ಪಿದರೆಂದು ನಾವು ಅಂದೂ ಹೇಳಲಿಲ್ಲ, ಇಂದೂ ಹೇಳುವುದಿಲ್ಲ.

ನಮ್ಮ ಆಕ್ಷೇಪವಿರುವುದು ಬೇರೊಂದು ಕಡೆ. ಹಾಸಿಗೆಯ ದಿನಗಳು ಹತ್ತರಿಂದ ಮೂರಕ್ಕೆ ಇಳಿದುವೆಂದರೆ ಉಳಿದ ಏಳು ದಿನಗಳ ಶುಶ್ರೂಷೆ ಎಲ್ಲಿಗೂ ಮಾಯವಾಗಲಿಲ್ಲ. ಅದು ನಮ್ಮ ಮನೆಯ ಒಳಕೋಣೆಗೆ ವರ್ಗವಾಯಿತು, ಅಷ್ಟೆ. ಆದರೆ ಆ ವರ್ಗಾವಣೆಗೆ ಮೀಸಲಿಟ್ಟ ಸಮಯವೆಷ್ಟು? ಹತ್ತು ನಿಮಿಷ! ನಾಲ್ಕು ಹಾಳೆಯ ಡಿಸ್ಚಾರ್ಜ್ ಪತ್ರ ಪೂರ್ತಿ ಇಂಗ್ಲಿಷಿನಲ್ಲಿ. ಅದನ್ನು ವಿವರಿಸಲು ಕಿರಿಯ ವೈದ್ಯರು ಬಂದಾಗ ಗಂಡ ಬಿಲ್ಲು ಕಟ್ಟುವ ಕಿಟಕಿಯ ಮುಂದೆ ವಿಮೆಯವರ ಉತ್ತರಕ್ಕಾಗಿ ಕಾಯುತ್ತಿದ್ದ, ಹೆಂಡತಿ ಮಂಪರಿನಲ್ಲಿದ್ದಳು, ಕೇಳಿದವರೆಂದರೆ ನಮ್ಮ ಅತ್ತಿಗೆ, ಅವರಿಗೆ ಅರ್ಥವಾದದ್ದು "ಗಂಜಿ ಕೊಡಬೇಡಿ" ಎಂಬುದೊಂದೇ. ಪುಣ್ಯಕ್ಕೆ ಅಲ್ಲಿ ಒಬ್ಬ ದಾದಿಯಿದ್ದಳು. ಗಂಡ ಮರಳಿ ಬರುವ ತನಕ ಕಾದಿದ್ದು, ಅವನ ಬೆರಳನ್ನು ಹೆಂಡತಿಯ ಮಣಿಕಟ್ಟಿನ ಮೇಲಿರಿಸಿ, ಗೋಡೆಯ ಗಡಿಯಾರ ನೋಡುತ್ತ ಒಂದು ಪೂರ್ತಿ ನಿಮಿಷ ನಾಡಿ ಎಣಿಸಲು ಕಲಿಸಿದಳು. ಬಳಿಕ ಆ ಇಂಗ್ಲಿಷು ಹಾಳೆಯ ಬೆನ್ನಿಗೆ ಕನ್ನಡದಲ್ಲಿ ಬರೆದಳು: "ನಾಡಿ 120 ದಾಟಿದರೆ, ರಾತ್ರಿಯಾದರೂ ಸರಿ, ಬನ್ನಿ." ಕೆಳಗೊಂದು ದೂರವಾಣಿ ಸಂಖ್ಯೆ.

ಮಂಗಳೂರಿನಿಂದ ಕಾಸರಗೋಡಿಗೆ ಸುಮಾರು 50 ಕಿಲೋಮೀಟರ್. ಕಾರಿನ ಕುಲುಕಾಟಕ್ಕೆ ಹೊಟ್ಟೆಯ ಮೇಲೊಂದು ಮೆತ್ತನೆಯ ದಿಂಬನ್ನು ಒತ್ತಿ ಹಿಡಿದು, ನಡುವೆ ಒಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆದು ಆಕೆ ಮನೆ ಸೇರಿದಳು. ತಲಪಾಡಿಯನ್ನು ದಾಟುವಾಗ ನಮಗೆ 2020ರ ಮಾರ್ಚ್ ನೆನಪಾಗದಿರಲಿಲ್ಲ. ಮಹಾಮಾರಿಯ ಆ ದಿನಗಳಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಮಂಗಳೂರನ್ನು ತಲುಪಲಾಗದೆ ಜೀವ ಬಿಟ್ಟ ರೋಗಿಗಳ ಸುದ್ದಿಯನ್ನು ನಮ್ಮ ಜಿಲ್ಲೆಯವರು ಮರೆತಿಲ್ಲ. ಆಸ್ಪತ್ರೆ ಒಂದು ರಾಜ್ಯದಲ್ಲಿ, ಮನೆ ಇನ್ನೊಂದರಲ್ಲಿ ಇರುವವರಿಗೆ "ತೊಂದರೆಯಾದರೆ ಕೂಡಲೇ ಬನ್ನಿ" ಎಂಬ ಮಾತಿನ ತೂಕವೇ ಬೇರೆ.

ಮನೆಯಲ್ಲಿ ಮೊದಲ ಕಷ್ಟ ಹಸಿವೆಯದಲ್ಲ, ನೀರಿನದು. ಒಂದು ಸಲಕ್ಕೆ 30 ಮಿಲಿಲೀಟರಿನಷ್ಟು ಮಾತ್ರ, ಗುಟುಕರಿಸಿ ಕುಡಿಯಬೇಕು. ಹೀಗೆ ಕಾಲು ಗಂಟೆಗೊಮ್ಮೆ, ದಿನಕ್ಕೆ ಒಂದೂವರೆ ಲೀಟರ್ ತಲುಪುವ ತನಕ. ಮಗುವಿಗೆ ಮದ್ದು ಕುಡಿಸುವ ಅಳತೆಯ ಮುಚ್ಚಳವೇ ಆಕೆಯ ಲೋಟವಾಯಿತು. ಅತ್ತಿಗೆಗೋ ಕರುಳು ಕಿತ್ತುಬರುತ್ತಿತ್ತು. ಬೇಳೆಕಟ್ಟಿನ ಸಾರು ಪುಷ್ಟಿಕರವೆಂದು ಅವರು ಹಠ ಹಿಡಿದು ಮಾಡುತ್ತಿದ್ದರು. ಆದರೆ ಸೋಸಿದ ಬೇಳೆಕಟ್ಟಿನಲ್ಲಿ ಪ್ರೋಟೀನು ಅತ್ಯಲ್ಪ. ದಿನಕ್ಕೆ 60 ಗ್ರಾಂ ಪ್ರೋಟೀನು ದೇಹಕ್ಕೆ ಸೇರಬೇಕೆಂಬ ಲೆಕ್ಕಕ್ಕೆ ಹಾಲು, ಸೋಸಿದ ಮೊಸರು, ವೈದ್ಯರು ಬರೆದುಕೊಟ್ಟ ಪುಡಿ ಇವೇ ಆಧಾರ. ಸುಮಾರು ಎರಡು ವಾರ ದ್ರವ, ಮತ್ತೆರಡು ವಾರ ನುಣ್ಣಗೆ ಅರೆದದ್ದು, ಆ ಮೇಲೆ ಮೆತ್ತನೆಯದು. ಎಲೆಯ ಮುಂದೆ ಎಲ್ಲರಂತೆ ಕುಳಿತುಕೊಳ್ಳಲು ಎರಡು ತಿಂಗಳು ಬೇಕು. ಬಾವಿಯಿಂದ ಕೊಡಪಾನ ಎತ್ತುವುದು ಕೆಲವು ವಾರಗಳ ತನಕ ವರ್ಜ್ಯ.

ಈಗ ಆರನೆಯ ದಿನದ ಮಾತು. ಸಂಜೆ ಆಕೆಗೆ ಎಡಭುಜದಲ್ಲಿ ನೋವು ಕಾಣಿಸಿತು. "ವಾಯು" ಎಂದರು ದೊಡ್ಡಮ್ಮ. ಅದು ಕೇವಲ ಅಜ್ಞಾನದ ಮಾತಲ್ಲ. ಲ್ಯಾಪರೋಸ್ಕೋಪಿಯಲ್ಲಿ ಹೊಟ್ಟೆಯೊಳಗೆ ತುಂಬುವ ಅನಿಲದಿಂದ ಮೊದಲ ಒಂದೆರಡು ದಿನ ಭುಜ ನೋಯುವುದು ಸಹಜವೇ, ಆಸ್ಪತ್ರೆಯಲ್ಲಿಯೇ ಹಾಗೆ ಹೇಳಿದ್ದರು. ಹಾಗಾಗಿ ಶುಂಠಿ ಕಷಾಯ ಒಲೆಗೇರಿತು. ಜ್ವರವಿರಲಿಲ್ಲ. ಹೊಟ್ಟೆನೋವೂ ಹೇಳಿಕೊಳ್ಳುವಂತಹುದಲ್ಲ. ರಾತ್ರಿ ಹತ್ತೂವರೆಗೆ ಗಂಡ ಹಾಳೆಯನ್ನು ತಿರುವಿ ನೋಡಿ, ಗಡಿಯಾರವನ್ನು ಎದುರಿಟ್ಟು ನಾಡಿ ಎಣಿಸಿದ: 124. ನಂಬದೆ ಇನ್ನೊಮ್ಮೆ ಎಣಿಸಿದ: 126. "ಬೆಳಗಾಗಲಿ" ಎಂದವರಲ್ಲಿ, ಒಪ್ಪಿಕೊಳ್ಳುತ್ತೇವೆ, ನಾವೂ ಒಬ್ಬರು. ಅವನು ನಮ್ಮ ಮಾತು ಕೇಳಲಿಲ್ಲ. ದೂರವಾಣಿ ಎತ್ತಿದವರು ಏನನ್ನೂ ಕುಡಿಸದೆ ಕರೆತರಲು ಹೇಳಿದರು. ಕಷಾಯ ಒಲೆಯ ಮೇಲೆಯೇ ಉಳಿಯಿತು.

ನಡುರಾತ್ರಿಯ ಸ್ಕ್ಯಾನಿನಲ್ಲಿ ಕೊಂಡಿಗಳ ಸಾಲಿನ ಮೇಲ್ತುದಿ ಸೋರುತ್ತಿರುವುದು ಕಂಡಿತು. ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ನೂರರಲ್ಲಿ ಒಬ್ಬರಿಗೋ ಅದಕ್ಕೂ ಕಡಮೆ ಮಂದಿಗೋ ಆಗುವ ತೊಡಕಿದು. ಆದರೆ ಆದಾಗ ಅದು ಹೆಚ್ಚಾಗಿ ಪ್ರಕಟವಾಗುವುದು ಮನೆಗೆ ಮರಳಿದ ಮೇಲೆಯೇ. ಜ್ವರಕ್ಕಿಂತ ಮೊದಲು ನಾಡಿ ಏರುವುದುಂಟು. ಸೋರಿದ್ದನ್ನು ನಳಿಕೆಯಿಂದ ಹೊರತೆಗೆದು, ಅನ್ನನಾಳದ ಮೂಲಕ ಸ್ಟೆಂಟ್ ಇಳಿಸಿ, ಮೂಗಿನ ನಳಿಕೆಯಿಂದ ಕರುಳಿಗೆ ಆಹಾರ ಕೊಟ್ಟು ಆಕೆಯನ್ನು ಉಳಿಸಿಕೊಂಡರು. ಈ ಸಲ ಆಸ್ಪತ್ರೆವಾಸ 22 ದಿನ.

"ನೋಡಿ, ಹತ್ತು ದಿನ ಅಲ್ಲಿಯೇ ಇರಿಸಿಕೊಂಡಿದ್ದರೆ!" ಎಂದರು ದೊಡ್ಡಮ್ಮ. ಈ ಮಾತಿಗೆ ಉತ್ತರ ಹೇಳುವುದು ಸುಲಭವಲ್ಲ. ಇರಿಸಿಕೊಂಡಿದ್ದರೆ ಇನ್ನೂ ಕೆಲವು ಗಂಟೆ ಮುಂಚೆ ತಿಳಿಯುತ್ತಿತ್ತು, ನಿಜ. ಆದರೆ ಸೋರಿಕೆ ಮೂರನೆಯ ವಾರದಲ್ಲಿಯೂ ತೋರಬಹುದು. ಅಷ್ಟು ಕಾಲ ನೂರು ಮಂದಿಯನ್ನೂ ಮಲಗಿಸಿಟ್ಟರೆ ರಕ್ತದ ಹೆಪ್ಪು, ಆಸ್ಪತ್ರೆಯ ಸೋಂಕು, ಖರ್ಚು ಇವು ಇನ್ನೆಷ್ಟು ಮಂದಿಯನ್ನು ಕಾಡಿಯಾವು? ಹಾಸಿಗೆಯ ಬದಲಿಗೆ ನಮಗೆ ಸಲ್ಲಬೇಕಾದದ್ದು ಆ ಹಾಳೆಯ ಬೆನ್ನಿನ ಒಂದು ಸಾಲು. ಅದನ್ನು ಕೇಳಿ ಪಡೆಯಬೇಕು. ನಮ್ಮ ಭಾಷೆಯಲ್ಲಿ, ಮನೆಯಲ್ಲಿ ನೋಡಿಕೊಳ್ಳುವವರ ಎದುರಿನಲ್ಲಿ, ಬಿಲ್ಲಿನ ಗಡಿಬಿಡಿಗೆ ಮೊದಲು. ಕಾಲಿನ ಮೀನಖಂಡ ಊದಿಕೊಂಡರೆ, ಉಸಿರು ಸಿಕ್ಕಿದರೆ, ಜ್ವರ ಬಂದರೆ, ನೀರೂ ನಿಲ್ಲದೆ ವಾಂತಿಯಾದರೆ ಯಾರಿಗೆ ಕರೆ ಮಾಡಬೇಕೆಂಬುದನ್ನೂ ಬರೆಸಿಕೊಳ್ಳಬೇಕು. ವಾಂತಿ ದಿನಗಟ್ಟಲೆ ಮುಂದುವರಿದರೆ ಥಯಾಮಿನ್ ಎಂಬ ಜೀವಸತ್ವ ಬತ್ತಿ ಮೆದುಳಿಗೇ ಪೆಟ್ಟು ಬೀಳುವುದುಂಟು.

ಔಷಧಗಳ ವಿಷಯವೂ ಉಂಟು. ಈ ಶಸ್ತ್ರಚಿಕಿತ್ಸೆಯ ಬಳಿಕ ತೂಕ ಇಳಿಯುವ ಮೊದಲೇ ಸಕ್ಕರೆ ಇಳಿಯತೊಡಗುತ್ತದೆ. ಹಳೆಯ ಪ್ರಮಾಣದಲ್ಲಿಯೇ ಇನ್ಸುಲಿನ್ ಮುಂದುವರಿಸಿದರೆ ರೋಗಿ ಕುಸಿದು ಬೀಳಬಹುದು. ರಕ್ತದ ಒತ್ತಡದ ಮಾತ್ರೆಗೂ ಇದೇ ಮಾತು. ಮಂಡಿನೋವಿಗೆಂದು ಮನೆಯಲ್ಲಿ ಉಳಿದಿದ್ದ ಬ್ರೂಫೆನ್ ಮೊದಲಾದುವನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವಗಳು ಮುಂದೆ ದೀರ್ಘಕಾಲದ ಸಂಗಾತಿಗಳು. ಮದುವೆಯಾದ ಹೆಣ್ಣುಮಕ್ಕಳ ಹಿರಿಯರಿಗೊಂದು ಕಿವಿಮಾತು: ವರ್ಷ ಒಂದೂವರೆ ವರ್ಷ ಬಸಿರಿನ ಪ್ರಸ್ತಾಪ ಎತ್ತದಿರಿ.

ವಿಮೆಯ ಬಗೆಗೆ ಇಷ್ಟು: ಭಾರತದ ವಿಮಾ ಪ್ರಾಧಿಕಾರವು ಗೊತ್ತುಪಡಿಸಿದ ಒಕ್ಕಣೆಯಂತೆ ರೋಗಿಗೆ 18 ವರ್ಷ ತುಂಬಿರಬೇಕು, ಸೂಚ್ಯಂಕ 40 ಅಥವಾ ಅದಕ್ಕೆ ಮೇಲಿರಬೇಕು, 35 ಅಥವಾ ಅದಕ್ಕೆ ಮೇಲಿದ್ದು ಹೃದ್ರೋಗ, ತೀವ್ರ ನಿದ್ರಾಶ್ವಾಸಬಂಧ, ಹತೋಟಿಗೆ ಬಾರದ ಸಕ್ಕರೆ ಮುಂತಾದುವು ಇದ್ದು ಇತರ ಉಪಾಯಗಳು ಸೋತಿದ್ದರೂ ಆದೀತು. ಎರಡನೆಯ ಸಲ ಸೇರಬೇಕಾಗಿ ಬಂದರೆ ಆ ವೆಚ್ಚವೂ ಸಲ್ಲುವುದೆ ಎಂದು ಮೊದಲೇ ಬರಹದಲ್ಲಿ ಕೇಳಿಟ್ಟುಕೊಳ್ಳುವುದು ಲೇಸು. ನಾವು ಕೇಳಿರಲಿಲ್ಲ, ಅಣ್ಣ ತೋಟದ ಎರಡು ವರ್ಷದ ಅಡಿಕೆಯನ್ನು ಮುಂಗಡವಾಗಿ ಮಾರಬೇಕಾಯಿತು.

ಈಗ ಆಕೆಯ ತೂಕ 76 ಕಿಲೋ. ಶಾಲೆಗೆ ನಡೆದೇ ಹೋಗುತ್ತಾಳೆ. ಆ ಹಾಳೆ ಅಡುಗೆಮನೆಯ ಬಾಗಿಲ ಹಿಂದೆ, ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದಂತೆಯೇ ಇದೆ. ಕಳೆದ ತಿಂಗಳು ಮಂಜೇಶ್ವರದ ನೆಂಟರೊಬ್ಬರಿಗೆ ಇದೇ ಶಸ್ತ್ರಚಿಕಿತ್ಸೆಯಾಗಿ ಎರಡೇ ರಾತ್ರಿಗೆ ಮನೆಗೆ ಬಂದರೆಂದು ತಿಳಿದಾಗ, ದೊಡ್ಡಮ್ಮ ದೂರವಾಣಿಯಲ್ಲಿ ಎಷ್ಟು ದಿನವಿದ್ದಿರೆಂದು ಕೇಳಲಿಲ್ಲ. "ನಾಡಿ ಎಣಿಸಲು ಮನೆಯಲ್ಲಿ ಯಾರಿಗೆ ಬರುತ್ತದೆ?" ಎಂದು ಕೇಳಿದರು.