ಓಟ ಅವರದು, ಸಾಲ ನಮ್ಮದು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಊರುಗಳಲ್ಲಿ ಜಾತ್ರೆಗೆ ತೆರಬಂಡಿ ಸ್ಪರ್ಧೆ ಇಟ್ಟರೆ ಅದರ ಲೆಕ್ಕ ಊರಿಗೆಲ್ಲ ಗೊತ್ತಿರುತ್ತದೆ. ಕಮಿಟಿಯವರು ಪಟ್ಟಿ ಎತ್ತುತ್ತಾರೆ, ಬಹುಮಾನಕ್ಕೆ ದಾನಿಗಳು ಮುಂದೆ ಬರುತ್ತಾರೆ, ಕೂಡಿದ ಮಂದಿಗೆ ಚಹಾ-ಮಿರ್ಚಿ ಮಾರಿದ ದುಡ್ಡೂ ಬಹುಪಾಲು ಅಲ್ಲೇ ಉಳಿಯುತ್ತದೆ. ಅಂತರರಾಷ್ಟ್ರೀಯ ಮೋಟಾರ್ ರೇಸಿನ ಲೆಕ್ಕ ಇದಕ್ಕೆ ತಿರುವುಮುರುವು. ಅಲ್ಲಿ ರೇಸಿಗೆ ಬೇರೆ ಒಡೆಯರಿದ್ದಾರೆ. ನಮ್ಮಲ್ಲಿಗೆ ಬಂದು ಓಡಿಸಿ ಎಂದು ಕರೆದವರೇ ಅವರಿಗೆ ಫೀ ಕಟ್ಟಬೇಕು. ಭಾರತದಲ್ಲಿ ಇಂಥ ರೇಸುಗಳು ನೆಲೆಯೂರದೆ ಹೋಗಿದ್ದಕ್ಕೆ ನಮ್ಮವರ ಅಸಮರ್ಥತೆಯೇ ಕಾರಣ ಎಂಬ ಮಾತಿದೆ. ಅದಕ್ಕಿಂತ ದೊಡ್ಡ ಕಾರಣ ಒಪ್ಪಂದದ ಸ್ವರೂಪದಲ್ಲೇ ಇದೆ.

ಗ್ರೇಟರ್ ನೋಯ್ಡಾದ ಬುದ್ಧ ಸರ್ಕೀಟನ್ನೇ ನೋಡಿ. 5.125 ಕಿಲೋಮೀಟರಿನ ಆ ಟ್ರ್ಯಾಕನ್ನು ಕಟ್ಟಿಸಿದ್ದು ಜೇಪೀ ಸಮೂಹ. 2011ರ ಅಕ್ಟೋಬರ್ 30ರಂದು ಅಲ್ಲಿ ಮೊದಲ ಫಾರ್ಮುಲಾ ಒನ್ ನಡೆಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಸಹಿಯಾದ ಒಪ್ಪಂದದ ಪ್ರಕಾರ ಆತಿಥ್ಯದ ಫೀ 4 ಕೋಟಿ ಡಾಲರ್, ಅಂದರೆ ಆಗಿನ ದರದಲ್ಲಿ 190 ಕೋಟಿ ರೂಪಾಯಿಯ ಆಸುಪಾಸು. ರೇಸಿನ ದಿನ ಸುಮಾರು 95,000 ಜನ ಸೇರಿದ್ದರು. ಭಾಗಿಸಿ ನೋಡಿದರೆ ಬರೀ ಫೀಗೇ ತಲೆಗೆ 20,000 ರೂಪಾಯಿ ಬೀಳುತ್ತದೆ. ಆದರೆ ಟಿಕೆಟ್ ದರ ಶುರುವಾಗುತ್ತಿದ್ದದ್ದು 2,500 ರೂಪಾಯಿಯಿಂದ. ಟಿ.ವಿ. ಪ್ರಸಾರ, ಟ್ರ್ಯಾಕಿನ ಸುತ್ತಲಿನ ಜಾಹೀರಾತು, ಸಿರಿವಂತ ಅತಿಥಿಗಳ ಪ್ಯಾಡಕ್ ಕ್ಲಬ್ ಎಲ್ಲವೂ ಫಾರ್ಮುಲಾ ಒನ್‌ನ ಒಡೆತನದ ಬಳಗಕ್ಕೇ ಸೇರುತ್ತಿದ್ದವು. ಈ ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ, 2017ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಆ ಟ್ರ್ಯಾಕನ್ನೇ ಭಾರತದಲ್ಲಿ ಫಾರ್ಮುಲಾ ಒನ್ ಕಂಪನಿಯ ಕಾಯಂ ವ್ಯವಹಾರ ಸ್ಥಳವೆಂದು ಪರಿಗಣಿಸಿ, ಇಲ್ಲಿನ ಗಳಿಕೆಗೆ ಅದು ತೆರಿಗೆ ಕಟ್ಟಬೇಕೆಂದು ಹೇಳಿತು. ಅಷ್ಟರಲ್ಲಿ ರೇಸು ನಿಂತು ಸುಮಾರು ಮೂರೂವರೆ ವರ್ಷ ಕಳೆದಿತ್ತು. 2013ರದೇ ಕೊನೆಯದು. ಬಾಕಿ ಕಟ್ಟಲಿಲ್ಲವೆಂದು 2020ರಲ್ಲಿ ಯಮುನಾ ಎಕ್ಸ್‌ಪ್ರೆಸ್‌ವೇ ಪ್ರಾಧಿಕಾರ ಜಮೀನಿನ ಹಂಚಿಕೆಯನ್ನೇ ರದ್ದು ಮಾಡಿತು.

ಸರ್ಕಾರದ ಕಿರಿಕಿರಿಯಿಂದಲೇ ಎಲ್ಲ ಕೆಟ್ಟಿತು ಎನ್ನುವವರಿದ್ದಾರೆ. ಅವರ ಮಾತು ಅರ್ಧ ನಿಜ. ಫಾರ್ಮುಲಾ ಒನ್ ಕ್ರೀಡೆಯೋ ಮನರಂಜನೆಯೋ ಎಂಬ ಜಗ್ಗಾಟದಲ್ಲಿ ಸುಂಕ, ತೆರಿಗೆ ಎರಡೂ ಸಿಕ್ಕಿಕೊಂಡವು. ಉತ್ತರ ಪ್ರದೇಶ ಕೊಟ್ಟ ಮನರಂಜನಾ ತೆರಿಗೆ ವಿನಾಯಿತಿ ಕೋರ್ಟಿನ ಮೆಟ್ಟಿಲೇರಿ, ಟಿಕೆಟ್ ಹಣದ ಶೇ. 25ರಷ್ಟನ್ನು ಪ್ರತ್ಯೇಕವಾಗಿ ಇಡಬೇಕೆಂದು ಸುಪ್ರೀಂ ಕೋರ್ಟು ರೇಸಿಗೆ ಮುಂಚೆ ಆದೇಶಿಸಿತು. 2023ರ ಸೆಪ್ಟೆಂಬರಿನಲ್ಲಿ ಅದೇ ಟ್ರ್ಯಾಕಿಗೆ ಬೈಕುಗಳ ಮೋಟೊಜಿಪಿ ರೇಸು ಬಂದಾಗ ಕೆಲವು ಸವಾರರ ವೀಸಾ ತಡವಾಯಿತು. ಸೆಖೆ ತಾಳಲಾರದೆ ರೇಸಿನ ಸುತ್ತುಗಳನ್ನೇ ಕಡಿಮೆ ಮಾಡಿದರು. ಇವೆಲ್ಲ ತಿದ್ದಿಕೊಳ್ಳಬಹುದಾದ ತೊಡಕುಗಳು. ಆದರೆ ವೀಸಾ ಹೊತ್ತಿಗೆ ಸರಿಯಾಗಿ ಸಿಕ್ಕಿತೆಂದು ಫೀ ಒಂದು ರೂಪಾಯಿಯೂ ಇಳಿಯುವುದಿಲ್ಲ.

ಟ್ರ್ಯಾಕು ಕಟ್ಟದೆ ಊರ ರಸ್ತೆಯಲ್ಲೇ ಓಡಿಸಿದರೆ ಅಗ್ಗವಲ್ಲವೇ? 2023ರ ಫೆಬ್ರುವರಿ 11ರಂದು ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ ವಿದ್ಯುತ್ ಕಾರುಗಳ ಫಾರ್ಮುಲಾ ಇ ರೇಸು ನಡೆದದ್ದು ಹಾಗೇ. ಮುಂದೆ ಖಾಸಗಿ ಪ್ರಾಯೋಜಕರು ಹಿಂದೆ ಸರಿದಾಗ ನಗರಾಭಿವೃದ್ಧಿ ಪ್ರಾಧಿಕಾರ ಹಣ ಕೊಡಬೇಕಾಗಿ ಬಂತು. ಸರ್ಕಾರ ಬದಲಾಯಿತು, 2024ರ ರೇಸು ರದ್ದಾಯಿತು. ಸಂದಾಯವಾಗಿದ್ದ ಸುಮಾರು 55 ಕೋಟಿ ರೂಪಾಯಿಯ ಮೇಲೆ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ಪ್ರಕರಣ ದಾಖಲಿಸಿತು. ತಪ್ಪು ಯಾರದೆಂದು ಕೋರ್ಟು ಹೇಳಲಿ. ಖಾಸಗಿಯವರ ಹೊರೆ ಸಾರ್ವಜನಿಕ ಖಜಾನೆಗೆ ಎಷ್ಟು ಬೇಗ ಜಾರುತ್ತದೆ ಎಂಬುದಂತೂ ಅಲ್ಲಿ ಕಂಡಿತು.

ಇನ್ನು ಸಿಂಗಪುರದ ಮಾತು. 2008ರಿಂದ ಅಲ್ಲಿ ಫಾರ್ಮುಲಾ ಒನ್‌ನ ರಾತ್ರಿ ರೇಸು ನಡೆಯುತ್ತಿದೆ, ಲಾಭವೂ ಇದೆ ಎನ್ನುತ್ತಾರೆ. ಆದರೆ ಅಲ್ಲಿನ ಸರ್ಕಾರ ವೆಚ್ಚದ ಶೇ. 60ರಷ್ಟನ್ನು ಬಹಿರಂಗವಾಗಿಯೇ ಹೊರುತ್ತದೆ, ಮತ್ತು ರೇಸಿನ ದಿನಗಳಲ್ಲಿ ಹೋಟೆಲುಗಳಿಂದ ಸೆಸ್ ವಸೂಲಿ ಮಾಡುತ್ತದೆ. ಖರ್ಚು ಮಾಡಿದವರಿಗೆ ಹಣ ಮರಳುವ ದಾರಿಯನ್ನು ಮೊದಲೇ ಹಾಕಿಟ್ಟಿದ್ದಾರೆ. ಪಕ್ಕದ ಮಲೇಷ್ಯಾ 1999ರಿಂದ ಸೆಪಾಂಗ್‌ನಲ್ಲಿ ನಡೆಸಿ, ಗಿಟ್ಟುವುದಿಲ್ಲವೆಂದು 2017ಕ್ಕೆ ಕೈಬಿಟ್ಟಿತು.

ನಮ್ಮ ಹುಡುಗರಿಗೆ ಅವಕಾಶ ಬೇಡವೇ ಎಂಬ ಪ್ರಶ್ನೆಗೆ ಉತ್ತರ ಚಿಕ್ಕಮಗಳೂರಿನಲ್ಲಿದೆ. 2016ರಲ್ಲಿ ಏಷ್ಯಾ-ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತು ಕಾಫಿ ತೋಟಗಳ ಮಣ್ಣು ರಸ್ತೆಯಲ್ಲೇ ನಡೆಯಿತು. ಆ ವರ್ಷದ ಚಾಂಪಿಯನ್ ಗೌರವ್ ಗಿಲ್, ಭಾರತದವರೇ. ಗ್ರ್ಯಾಂಡ್ ಪ್ರಿಯಷ್ಟು ಝಗಮಗ ಅದಕ್ಕಿಲ್ಲ, ಸಾವಿರಾರು ಕೋಟಿಯ ಟ್ರ್ಯಾಕೂ ಬೇಕಿಲ್ಲ.

ನಾಳೆ ಕರ್ನಾಟಕಕ್ಕೂ ಇಂಥ ಪ್ರಸ್ತಾವ ಬರಬಹುದು. ಬಂದರೆ ಫೀ ಎಷ್ಟು, ಪ್ರಸಾರ ಮತ್ತು ಜಾಹೀರಾತಿನ ಹಣ ಯಾರಿಗೆ, ನಡುವೆ ಕೈಬಿಟ್ಟರೆ ದಂಡ ಕಟ್ಟುವವರು ಯಾರು ಎಂಬ ಮೂರು ಸಂಗತಿ ಸಹಿಗೆ ಮುಂಚೆಯೇ ವಿಧಾನಸಭೆಯಲ್ಲಿ ಮಂಡನೆಯಾಗಲಿ.