ಹಗೇವಿನ ಕಾಲ ಮುಗಿಯಿತೇ?

ಪ್ರಶ್ನೆ: ಪಡಿತರ ಅಕ್ಕಿ ಸಿಗುವಾಗ ಮಕ್ತಲ್ ಸೀಮೆಯಲ್ಲಿ ಜೋಳ ತುಂಬಿಡುವ ನೆಲದಡಿಯ ಹಗೇವು ಯಾರಿಗೆ ಬೇಕು?

ಉತ್ತರ: ಅಕ್ಕಿ ಹೊಟ್ಟೆ ತುಂಬಿಸೀತು, ಜೋಳದ ರೊಟ್ಟಿಯಾಗದು. ಸುಗ್ಗಿಯಲ್ಲಿ ಅಗ್ಗಕ್ಕೆ ಮಾರಿದ ಜೋಳವನ್ನೇ ರೈತ ಮುಂದೆ ದುಬಾರಿಗೆ ಕೊಳ್ಳುವುದು ಜಾಣತನವೇನಲ್ಲ. ಬಾಯಿ ಮುಚ್ಚಿದ ಹಗೇವಿನೊಳಗೆ ಕಾಳು, ಹುಳುಗಳ ಉಸಿರಾಟದಿಂದಲೇ ಆಮ್ಲಜನಕ ಕರಗಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ. ಹುಳು ಸಾಯುತ್ತದೆ, ಔಷಧಿಯ ಖರ್ಚಿಲ್ಲ. ನೆಲದ ತೇವ ಕಾಳು ಕೆಡಿಸುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವೇ. 2009ರ ಅಕ್ಟೋಬರಿನ ಕೃಷ್ಣಾ, ತುಂಗಭದ್ರಾ ನೆರೆ ನೆನೆದರೆ ಹೊಳೆದಂಡೆಗೆ ಅಟ್ಟದ ಕಣಜವೇ ಸರಿ. ಹಗೇವು ಎತ್ತರದ ಒಣನೆಲಕ್ಕೆ. ಬಿತ್ತನೆ ಬೀಜವನ್ನಂತೂ ಅದರಲ್ಲಿಡಬಾರದು, ಮೊಳಕೆಶಕ್ತಿ ಕುಂದುತ್ತದೆ. ತೆರೆದ ಕೂಡಲೇ ಒಳಗಿಳಿಯಬೇಡಿ: ಆಮ್ಲಜನಕ ಕರಗಿದ ಆ ಗಾಳಿ ಮನುಷ್ಯರನ್ನೂ ಕೊಲ್ಲುತ್ತದೆ.